ಗ್ಬೊಕೊಗೆ ಬರುವವರಿಗೆ: ತಿವ್ ಜನರ ಚರ್ಚು, ಅರಸು ಮತ್ತು ಪಟ್ಟೆ ಬಟ್ಟೆ

ಪ್ರಿಯ ಮಿತ್ರರೆ,

ನೈಜೀರಿಯಾದ ಬೆನ್ಯೂ ರಾಜ್ಯದ ಗ್ಬೊಕೊ ಪಟ್ಟಣಕ್ಕೆ ಕೆಲಸದ ಮೇಲೆ ಬರಲಿರುವ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಇಲ್ಲಿನ ತಿವ್ ಜನರೆಲ್ಲ ಕ್ರೈಸ್ತರಾಗಿದ್ದರೆ ಅವರ ಹಳೆಯ ಸಂಸ್ಕೃತಿ ಉಳಿದಿದೆಯೆ, ಇಲ್ಲೊಬ್ಬ ರಾಜನಿರುವುದು ನಿಜವಾದರೆ ಅವನೆದುರು ಹೇಗೆ ನಡೆದುಕೊಳ್ಳಬೇಕು, ಭಾನುವಾರ ಚರ್ಚಿಗೆ ಕರೆದರೆ ಹೋಗಬೇಕೆ ಎಂಬುವು ಅವು. ಇದೇ ಊರಿನಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಾಗಿ ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಹೋಗಿ. ನಮ್ಮೂರಲ್ಲಿ ಪಕ್ಕದ ಮನೆಯವರು ಸತ್ಯನಾರಾಯಣ ಪೂಜೆಗೆ ಕರೆಯುವ ಹಾಗೆ ಇವರು ಕರೆಯುತ್ತಾರೆ, ಹೋಗದಿದ್ದರೆ ಬೇಸರಪಡುತ್ತಾರೆ. ಉಳಿದೆರಡು ಪ್ರಶ್ನೆಗಳ ಹಿಂದೆ ಒಂದು ತಪ್ಪು ಗ್ರಹಿಕೆಯಿದೆ. ಬಂದ ಹೊಸತರಲ್ಲಿ ಅದು ನನಗೂ ಇತ್ತು.

ಆಗ ನಮ್ಮ ಬೀದಿಯ ಹಿರಿಯರೊಬ್ಬರನ್ನು, ಮೈಸೂರು ಕಡೆಯವನ ಠೀವಿಯಿಂದ, ನಿಮ್ಮ ಅರಸು ಮನೆತನ ಎಷ್ಟು ತಲೆಮಾರಿನದು ಎಂದು ಕೇಳಿದ್ದೆ. ಅವರು ಬಾಯಲ್ಲಿದ್ದ ಹಲ್ಲುಜ್ಜುವ ಕಡ್ಡಿಯನ್ನು ತೆಗೆದು, ಅತ್ತ ಉಗಿದು, “ತೋರ್ ತಿವ್ ಪದವಿಯೆ? ಅದು ನನಗಿಂತ ಚಿಕ್ಕದು” ಎಂದರು. ತಿವ್ ಜನರ ಅರಸನಿಗೆ ತೋರ್ ತಿವ್ ಎನ್ನುತ್ತಾರೆ. ತಮಾಷೆಯೆಂದುಕೊಂಡೆ; ಆಮೇಲೆ ವಿಚಾರಿಸಿದಾಗ ಲೆಕ್ಕ ಸರಿಯಾಗಿಯೇ ಇತ್ತು. ತಿವ್ ಎಂಬ ಒಬ್ಬನೇ ಮೂಲಪುರುಷ, ಅವನಿಗೆ ಇಚೊಂಗೊ ಮತ್ತು ಇಪುಸು ಎಂಬ ಇಬ್ಬರು ಮಕ್ಕಳು, ಅವರಿಂದ ಕವಲೊಡೆದ ಕುಲಗಳು ಎಂದು ವಂಶಾವಳಿ ಹೇಳುವ ಈ ಜನ ಒಬ್ಬ ಒಡೆಯನ ಕೈಕೆಳಗೆ ಎಂದೂ ಬಾಳಿದವರಲ್ಲ. ವ್ಯಾಜ್ಯ ಬಂದಾಗ ಆಯಾ ಕುಲದ ಹಿರಿಯರು ಮರದ ನೆರಳಲ್ಲಿ ಕೂತು ತೀರ್ಮಾನಿಸುತ್ತಿದ್ದರು. ಆ ಕೂಟಕ್ಕೆ ಇಂದಿಗೂ ‘ಇಜಿರ್’ ಎಂದೇ ಹೆಸರು. ಯಾರ ಮೂಲಕ ಆಳುವುದೆಂದು ತಿಳಿಯದೆ ಪರದಾಡಿದ ಬ್ರಿಟಿಷರ ಆಡಳಿತ ಕಡೆಗೆ 1947ರಲ್ಲಿ ಮಕಿರ್ ಜಾಕ್ಪೆ ಅವರನ್ನು ಮೊದಲ ತೋರ್ ತಿವ್ ಆಗಿ ಕೂರಿಸಿತು. ಅಲ್ಲಿಂದೀಚೆಗೆ ಆ ಪೀಠವೇರಿದವರು ಐವರೇ.

ಚರ್ಚಾದರೋ ಅದಕ್ಕೂ ಮೂವತ್ತಾರು ವರ್ಷ ಹಿರಿದು. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಮಿಷನ್ನಿನವರು 1911ರಲ್ಲಿ ಕತ್ಸಿನಾ-ಅಲಾ ಬಳಿ ಸಾಯಿ ಎಂಬವನ ಊರಿನಲ್ಲಿ ಬಿಡಾರ ಹೂಡಿದರು. ಹೀಗಾಗಿ ‘ಪರಂಪರೆಯ ಅರಸು ಒಂದು ಕಡೆ, ಹೊರಗಿನಿಂದ ಬಂದ ಧರ್ಮ ಇನ್ನೊಂದು ಕಡೆ’ ಎಂದು ಗೆರೆ ಎಳೆಯಲು ಹೊರಟರೆ ಆ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಆ ಸಾಯಿಯ ಮಗ ಅಕಿಗ. ಬಾಲ್ಯದಲ್ಲೇ ಮಿಷನರಿಗಳ ಜೊತೆ ಸೇರಿ, ಮೊಟ್ಟಮೊದಲು ದೀಕ್ಷಾಸ್ನಾನ ಪಡೆದ ನಾಲ್ಕೈದು ಮಂದಿಯಲ್ಲಿ ಒಬ್ಬನಾದವನು. ಹಳೆಯದನ್ನೆಲ್ಲ ಸುಟ್ಟುಹಾಕಬೇಕಾಗಿದ್ದವನು ಅವನೇ ಅಲ್ಲವೆ? ಆದರೆ ಅವನು ಮಾಡಿದ್ದು ಬೇರೆ. ಹಿರಿಯರಿಂದ ಕೇಳಿ ಕೇಳಿ, ವಲಸೆಯ ಕಥೆ, ಮದುವೆಯ ಕಟ್ಟಳೆ, ‘ಅಕೊಂಬೊ’ ಎಂಬ ರಕ್ಷೆಗಳು, ‘ತ್ಸವ್’ ಎಂಬ ಎದೆಯೊಳಗಿನ ಶಕ್ತಿ, ಇವನ್ನೆಲ್ಲ ಮಿಷನ್ನು ಕಲಿಸಿದ ಅಕ್ಷರಗಳಲ್ಲಿ ತಿವ್ ಭಾಷೆಯಲ್ಲೇ ಬರೆದಿಟ್ಟ. ಅದರ ಇಂಗ್ಲಿಷ್ ರೂಪ 1939ರಲ್ಲಿ ಅಚ್ಚಾಯಿತು. ತಿವ್ ಜನರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಮೊದಲ ಪುಸ್ತಕ ಒಬ್ಬ ಹೊಸ ಕ್ರೈಸ್ತನದು. ಈ ಸಂಗತಿಯನ್ನು ನಾನು ಹಲವು ವರ್ಷ ತಡವಾಗಿ ತಿಳಿದೆ.

ಹಾಗೆಂದು ಮಿಷನ್ನು ಏನನ್ನೂ ಕೆಡವಲಿಲ್ಲ ಎಂದು ನಾನು ಹೇಳಲಾರೆ. ಒಬ್ಬನಿಗೆ ಇಬ್ಬರು ಮೂವರು ಹೆಂಡಿರಿದ್ದರೆ ದೀಕ್ಷೆಗೆ ತಡೆ. ಕುಣಿತ, ಜೋಳದ ಕಳ್ಳು, ರಕ್ಷೆ, ಎಲ್ಲವೂ ಪಾಪದ ಪಟ್ಟಿಯಲ್ಲಿ. ಕೊಟ್ಟು ತಂದುಕೊಳ್ಳುವ ಮದುವೆ, ಅಂದರೆ ತಂಗಿಯನ್ನು ಕೊಟ್ಟು ಆ ಮನೆಯ ಹೆಣ್ಣನ್ನು ತರುವುದು, ಇಲ್ಲಿ ಗೌರವದ ಮದುವೆಯಾಗಿತ್ತು; ಸರ್ಕಾರ ಅದನ್ನು 1927ರಲ್ಲಿ ನಿಷೇಧಿಸಿತು. ವಧುದಕ್ಷಿಣೆಯ ಹಣ ಏರುತ್ತ ಹೋದದ್ದಕ್ಕೆ ಅದೇ ಕಾರಣವೆಂದು ಇಂದಿಗೂ ಮುದುಕರು ಗೊಣಗುತ್ತಾರೆ. ಇನ್ನೊಂದು ತಕ್ಕಡಿಯಲ್ಲಿ ಭಾಷೆಯಿದೆ. ಹೊಸ ಒಡಂಬಡಿಕೆ 1936ರಲ್ಲಿ, ಇಡೀ ಬೈಬಲ್ 1964ರಲ್ಲಿ ತಿವ್ ಭಾಷೆಗೆ ಬಂತು. ಅದರಲ್ಲಿ ದೇವರಿಗೆ ‘ಆವೊಂದೊ’ ಎನ್ನುತ್ತಾರೆ. ಆಕಾಶಕ್ಕೂ ಅದೇ ಮಾತು. ನಿಮ್ಮ ಸಹೋದ್ಯೋಗಿಗಳಲ್ಲಿ ಆವೊಂದೊನಾ ಎಂಬ ಹೆಸರಿನವರು ಒಬ್ಬರಾದರೂ ಇದ್ದೇ ಇರುತ್ತಾರೆ: ದೇವರು ಕೊಟ್ಟವನು, ನಮ್ಮ ದೇವದತ್ತನೇ. ಆ ಮಿಷನ್ನಿನಿಂದಲೇ ಬೆಳೆದು 1957ರಲ್ಲಿ ಸ್ವತಂತ್ರವಾದ ಎನ್‌ಕೆಎಸ್‌ಟಿ ಚರ್ಚಿನ ಹೆಸರು ಕೂಡ ಅಚ್ಚ ತಿವ್ ಭಾಷೆಯದು. ಅದರ ಕೇಂದ್ರ ಗ್ಬೊಕೊ ಪಕ್ಕದ ಮ್ಕಾರ್‌ನಲ್ಲಿದೆ. ಕ್ಯಾಥೊಲಿಕರೂ ಬಹಳ ಮಂದಿ.

ಸಾವಿನ ಮನೆಗೆ ಹೋದರೆ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ ಪೆಟ್ಟಿಗೆಯ ಮೇಲೆ ಕಪ್ಪು-ಬಿಳಿ ಪಟ್ಟೆಯ ‘ಆಂಗೆರ್’ ಬಟ್ಟೆ ಹೊದಿಸಿದ್ದರು; ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೂ ಮಣ್ಣು ಹಾಕಲಿಲ್ಲ. ಏಕೆಂದು ಕೇಳಿದರೆ, ಸತ್ತವರ ತಾಯಿಯ ತವರಿನವರು, ಇವರ ಮಾತಿನಲ್ಲಿ ‘ಇಗ್ಬಾ’, ಇನ್ನೂ ಬಂದಿರಲಿಲ್ಲ. ಅವರು ಬಂದು, ಸಾವಿನ ಸುದ್ದಿ ತಮಗೆ ತಡವಾಗಿ ತಲುಪಿತೆಂದು ಸಾಕಷ್ಟು ಕೂಗಾಡಿ, ಸಮಾಧಾನವಾದ ಬಳಿಕವೇ ಕಾರ್ಯ ಮುಂದುವರಿಯಿತು. ಅಷ್ಟು ಹೊತ್ತೂ ಪಾದ್ರಿಗಳು ಬೈಬಲ್ ಮಡಿಲಲ್ಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದು ಕೂತಿದ್ದರು. ಅವರ ತಾಯಿಗೂ ತವರಿತ್ತಲ್ಲ!

ಒಣಗಾಲದಲ್ಲಿ ಅವಕಾಶ ಸಿಕ್ಕರೆ ‘ಕ್ವಾಘ್-ಹಿರ್’ ತಪ್ಪಿಸಿಕೊಳ್ಳಬೇಡಿ. ಮೊಲದ ಚತುರ ಕಥೆಗಳಿಂದ ಬೆಳೆದ ರಾತ್ರಿಯ ಬಯಲಾಟವಿದು. ಮಾರುವೇಷಗಳ ನಡುವೆ ಕಟ್ಟಿಗೆಯ ಗೊಂಬೆಗಳು ಬಂದು ಗೆಣಸು ಕುಟ್ಟುತ್ತವೆ, ಹೊಲಿಗೆ ಯಂತ್ರ ತುಳಿಯುತ್ತವೆ, ಪೊಲೀಸನನ್ನು ಅಣಕಿಸುತ್ತವೆ. 2019ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂತ್ರದ ಗೊಂಬೆಯಾಟ ನೋಡಿ ಬೆಳೆದ ನಾನು ಮೊದಲ ಸಲ ಇದನ್ನು ಬೆಳಗಿನವರೆಗೆ ನಿಂತೇ ನೋಡಿದೆ.

ಇನ್ನು ಅರಸರ ವಿಷಯ. ಈಗಿನ ತೋರ್ ತಿವ್ ಜೇಮ್ಸ್ ಅಯಾತ್ಸೆ ಅವರು 2017ರಲ್ಲಿ ಪಟ್ಟವೇರಿದರು. ಅದಕ್ಕೆ ಮೊದಲು ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರು, ವಿಶ್ವವಿದ್ಯಾಲಯದ ಕುಲಪತಿಗಳು. ಅವರ ಕೆಳಗೆ ಸ್ಥಳೀಯ ಮಟ್ಟದ ‘ತೆರ್’ಗಳಿದ್ದಾರೆ. ‘ತೆರ್’ ಎಂದರೆ ತಂದೆ. ಮಾತನಾಡಿಸುವಾಗ ಆ ಅರ್ಥವನ್ನು ನೆನಪಿಟ್ಟುಕೊಂಡರೆ ನಡವಳಿಕೆ ತಾನಾಗಿ ಸರಿಯಾಗುತ್ತದೆ. ಸ್ವಲ್ಪ ಬಾಗಿ, ಎರಡೂ ಕೈ ನೀಡಿ, ‘ಮ್ಸುಘ್’ ಎಂದು ವಂದಿಸಿ. ಎಡಗೈಯಿಂದ ಏನನ್ನೂ ಕೊಡಬೇಡಿ, ಇದು ನಮಗೆ ಹೊಸದಲ್ಲ.

ಈ ಪದವಿ ಹೊಸದೆಂದು ಹಗುರವಾಗಿ ಕಾಣಬೇಡಿ. 2018ರ ಜನವರಿಯಲ್ಲಿ, ಹಳ್ಳಿಗಳ ಮೇಲಿನ ದಾಳಿಯಲ್ಲಿ ಸತ್ತ 73 ಮಂದಿಯನ್ನು ರಾಜ್ಯದ ರಾಜಧಾನಿ ಮಕುರ್ಡಿಯಲ್ಲಿ ಒಂದೇ ದಿನ ಮಣ್ಣುಮಾಡಿದ್ದನ್ನು ಈ ನಾಡು ಮರೆತಿಲ್ಲ. 2025ರ ಜೂನ್‌ನಲ್ಲಿ ಯೆಲ್ವಾಟ ಹಳ್ಳಿಯ ಹತ್ಯಾಕಾಂಡದ ನಂತರ ರಾಷ್ಟ್ರಾಧ್ಯಕ್ಷರು ಬಂದಾಗ, ಇದು ದನಗಾಹಿಗಳ ಮತ್ತು ರೈತರ ಜಗಳವಲ್ಲ, ನೆಲ ಕಸಿಯುವ ಯೋಜಿತ ದಾಳಿ ಎಂದು ಎದುರಿಗೇ ಹೇಳಿದವರು ತೋರ್ ತಿವ್. ಆ ದಿನ ನಮ್ಮ ಬೀದಿಯಲ್ಲಿ ಅವರನ್ನು ಬ್ರಿಟಿಷರು ಮಾಡಿದ ಅರಸು ಎಂದವರು ಯಾರೂ ಇರಲಿಲ್ಲ. ನೀವೂ ಊರಾಚೆಯ ದಾರಿಗಳಲ್ಲಿ ಸಂಜೆಯ ಮೇಲೆ ಓಡಾಡಬೇಡಿ.

ಬಂದ ಮೇಲೆ ಆಂಗೆರ್ ಕೊಳ್ಳುವ ಮನಸ್ಸಾದರೆ ನನ್ನನ್ನು ಕರೆಯಿರಿ. ಸಂತೆಯಲ್ಲಿ ಪಟ್ಟೆ ಅಚ್ಚು ಹಾಕಿದ ಅಗ್ಗದ ಬಟ್ಟೆಯೇ ಹೆಚ್ಚು. ಕೈಮಗ್ಗದ್ದಾದರೆ ಕಿರಿದಾದ ಪಟ್ಟಿಗಳನ್ನು ಜೋಡಿಸಿ ಹೊಲಿದಿರುತ್ತಾರೆ, ಹಿಂಬದಿ ತಿರುಗಿಸಿ ಬೆರಳಾಡಿಸಿದರೆ ಹೊಲಿಗೆ ತಗಲುತ್ತದೆ.