ಗಂಟು ಅಂತ ಬರೆದಿದ್ದರೆ ಗಂಟಿನ ಕೋಡನ್ನೇ ಹಾಕಿ
ಒಪಿಡಿ ಚಾರ್ಟಿನಲ್ಲಿ ‘ಬಲ ಸ್ತನದಲ್ಲಿ ಲಂಪ್ (ಗಂಟು), 10 ಓ ಕ್ಲಾಕ್, ಕ್ಯಾನ್ಸರ್ ಶಂಕೆ, ಬಯಾಪ್ಸಿ ಆಗಬೇಕು’ ಅಂತ ಇದೆ, ಸ್ತನ ಕ್ಯಾನ್ಸರಿನ ಕೋಡ್ ಸಿ50 ಹಾಕಲಾ, ಸ್ವರೂಪ ಗೊತ್ತಿಲ್ಲದ ಗೆಡ್ಡೆಯ ಕೋಡ್ ಡಿ49.3 ಹಾಕಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಗಂಟಿನ ಕೋಡ್ ಎನ್63.11 ಹಾಕಿ.

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಕೋಡ್ ಮಾಡುತ್ತೇನೆ, ಅಂದರೆ ಡಾಕ್ಟರ್ ಬರೆದ ಕಾಯಿಲೆಗೆ ಇನ್ಶೂರೆನ್ಸ್ ಕ್ಲೇಮ್‌ಗೆ ಬೇಕಾದ ಕೋಡ್ ಹಾಕುತ್ತೇನೆ. ಅಲ್ಲಿನ ಐಸಿಡಿ-10-ಸಿಎಂ (ಕಾಯಿಲೆಗಳ ಕೋಡ್ ಪಟ್ಟಿ) ನಿಯಮದಲ್ಲಿ ಔಟ್‌ಪೇಷೆಂಟ್‌ಗೆ ‘ಸಸ್ಪೆಕ್ಟೆಡ್’, ‘ಪ್ರಾಬಬಲ್’, ‘ರೂಲ್ ಔಟ್’ ಅಂತ ಇರುವ ಕಾಯಿಲೆಯನ್ನು ಕೋಡ್ ಮಾಡುವ ಹಾಗಿಲ್ಲ. ಅವತ್ತು ಖಚಿತವಾಗಿ ಗೊತ್ತಿರುವುದು ಗಂಟು ಒಂದೇ, ಅಲ್ವಾ? (ಅಡ್ಮಿಟ್ ಆದವರಿಗೆ ನಿಯಮ ಬೇರೆ, ಎರಡನ್ನೂ ಕಲಸಬೇಡಿ.) ಡಿ49.3 ಬೇಕೆಂದರೆ ಡಾಕ್ಟರೇ ‘ಟ್ಯೂಮರ್’ ಅಥವಾ ‘ನಿಯೋಪ್ಲಾಸಂ’ ಅಂತ ಬರೆದಿರಬೇಕು. ಲಂಪ್, ನಾಡ್ಯೂಲ್ ಎಲ್ಲ ಎನ್63ಕ್ಕೇ ಹೋಗುತ್ತವೆ.

ಜಾಸ್ತಿ ಜನ ಎಡವುವುದು ಗಂಟಿನ ಜಾಗ ಹೇಳುವ ಗಡಿಯಾರದಲ್ಲಿ. 2017ರ ಅಕ್ಟೋಬರ್‌ಗೆ ಮುಂಚೆ ಬರೀ ಎನ್63 ಸಾಕಿತ್ತು, ಈಗ ಯಾವ ಕಡೆ, ಯಾವ ಭಾಗ ಎಲ್ಲ ಬೇಕು. ರೋಗಿಯ ಎದುರು ನಿಂತು ಅವರ ಎದೆಯ ಮೇಲೆ ಗಡಿಯಾರ ಇಟ್ಟ ಹಾಗೆ ಯೋಚಿಸಿ. ಬಲ ಸ್ತನದ 10 ಗಂಟೆ ಕಂಕುಳ ಕಡೆಗೆ ಬರುತ್ತದೆ, ಅಂದರೆ ಮೇಲಿನ ಹೊರಭಾಗ, ಎನ್63.11. ಎಡ ಸ್ತನದ ಅದೇ 10 ಗಂಟೆ ಎದೆಮೂಳೆ ಕಡೆಗೆ, ಮೇಲಿನ ಒಳಭಾಗ, ಎನ್63.22. ಸರಿಯಾಗಿ 12 ಗಂಟೆಗೆ ಇದ್ದರೆ ಎರಡು ಭಾಗದ ಗಡಿ. ಅದಕ್ಕೆಂದೇ 2019ರ ಅಕ್ಟೋಬರ್‌ನಿಂದ ಬಲಕ್ಕೆ ಎನ್63.15, ಎಡಕ್ಕೆ ಎನ್63.25 ಬಂದಿವೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಂದು ಚಾರ್ಟಿಗೆ ನಾನು ಕ್ಯಾನ್ಸರಿನ ಕೋಡ್ ಸಿ50.411 ಹಾಕಿಬಿಟ್ಟಿದ್ದೆ. ಕ್ಲೇಮ್ ಹೋಗುವ ಮುಂಚೆ ಆಡಿಟ್‌ನಲ್ಲಿ ಸಿಕ್ಕಿತು. ಆಮೇಲೆ ಬಂದ ಬಯಾಪ್ಸಿ ರಿಪೋರ್ಟಿನಲ್ಲಿ ಫೈಬ್ರೊಅಡಿನೋಮಾ ಅಂತ ಇತ್ತು. ಕ್ಯಾನ್ಸರ್ ಅಲ್ಲವೇ ಅಲ್ಲ, ಡಿ24.1. ನನ್ನ ಕೋಡ್ ಹಾಗೇ ಹೋಗಿದ್ದರೆ ಆ ಹೆಂಗಸಿನ ಇನ್ಶೂರೆನ್ಸ್ ದಾಖಲೆಯಲ್ಲಿ ಇಲ್ಲದ ಕ್ಯಾನ್ಸರ್ ಕೂತಿರುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಲೇ ಬಂದರೆ ಆ ವಿಸಿಟ್‌ಗೆ ಸಿ50 ಹಾಕಿ. ಹಿಂದೆ ಹೋಗಿ ಈ ವಿಸಿಟ್‌ನ ಎನ್63.11 ಅನ್ನು ತಿದ್ದಬೇಡಿ.

ಇನ್ನೊಂದು ಚಾರ್ಟಿನಲ್ಲಿ ಯಾವ ಕಡೆ ಅಂತಲೇ ಇಲ್ಲ ಅಂದಿರಲ್ಲ, ಅಲ್ಲಿ ಸುಮ್ನೆ ಊಹೆ ಮಾಡಬೇಡಿ. ಡಾಕ್ಟರಿಗೆ ಕ್ವೆರಿ (ಬರಹದಲ್ಲಿ ಪ್ರಶ್ನೆ) ಕಳಿಸಿ. ‘ಗಂಟು ಯಾವ ಸ್ತನದಲ್ಲಿ, ಯಾವ ಭಾಗದಲ್ಲಿ ಇದೆ, ದಯವಿಟ್ಟು ತಿಳಿಸಿ’ ಅಂತ ಕೇಳಿದರೆ ಸಾಕು. ‘ಬಲಗಡೆ ಅಲ್ವಾ ಡಾಕ್ಟ್ರೇ’ ಅಂತ ಉತ್ತರವನ್ನೂ ನೀವೇ ಹೇಳಿಕೊಡಬೇಡಿ, ಅಂಥ ಕ್ವೆರಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.