ಮನೆ ಪತ್ರ ಬ್ಯಾಂಕಿನಲ್ಲಿದೆ, ಮನೆಯವಳಿಗೆ ಹೇಳಿಲ್ಲ

ಪ್ರಶ್ನೆ: ಅಣ್ಣಾರೆ, ನಾನು ಕಲಬುರಗಿಯವನು, ವಯಸ್ಸು 42. ಸಣ್ಣದೊಂದು ದಾಲ್ ಮಿಲ್ ಇದೆ. ಈ ಸಲ ಕ್ವಿಂಟಲಿಗೆ 7,000 ರೂಪಾಯಿಯಂತೆ 800 ಕ್ವಿಂಟಲ್ ತೊಗರಿ ಹಿಡಿದಿಟ್ಟಿದ್ದೇನೆ. ಅದಕ್ಕಾಗಿ ಮನೆ ಪತ್ರ ಅಡವಿಟ್ಟು, ಶೇ. 12ರ ಬಡ್ಡಿಗೆ ಸಾಲ ತೆಗೆದಿದ್ದೇನೆ. ಮನೆಯವಳಿಗೆ ಇನ್ನೂ ಹೇಳಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಧಾರಣೆ ನೋಡುತ್ತೇನೆ. ಬಿಪಿ ಮಾತ್ರೆ ನುಂಗುವುದೂ ತಪ್ಪಿದೆ. ಮಗಳು ಶರಣಬಸವೇಶ್ವರ ಜಾತ್ರೆಗೆ ಕರೆದಳು, ಹೋಗಲಿಲ್ಲ. ಇದೆಲ್ಲ ಮಕ್ಕಳಿಗಾಗಿಯೇ ಅಲ್ವಾ? ದೊಡ್ಡದಾಗಿ ಬೆಳೆಯಬೇಕೆಂದರೆ ಇಷ್ಟೆಲ್ಲ ಕಳೆದುಕೊಳ್ಳಲೇಬೇಕಾ?

ಉತ್ತರ: ನೋಡ್ರಿ ತಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನೂ ನಮ್ಮ ಕಲಬುರಗಿಯ ಧಾನ್ಯ ಮಾರುಕಟ್ಟೆ ನೆಹರು ಗಂಜಿನಲ್ಲಿ ಅಡತಿ ಅಂಗಡಿ, ಅಂದರೆ ರೈತರ ಮಾಲು ಕಮಿಷನ್ ಮೇಲೆ ಮಾರಿಸುವ ಅಂಗಡಿ, ನಡೆಸಿದವನು. ನೀವು ಬರೆದದ್ದರಲ್ಲಿ ಅರ್ಧ ನನ್ನದೇ ಕಥೆ.

2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೂ ನೆನಪಿರಬೇಕು. ಆ ಬಿಸಿಯಲ್ಲೇ ನಾನು 2016ರಲ್ಲಿ, ಕ್ವಿಂಟಲಿಗೆ 9,000ದ ಹತ್ತಿರ, 600 ಕ್ವಿಂಟಲ್ ತೊಗರಿ ಹಿಡಿದೆ. ಇನ್ನೂ ಏರುತ್ತದೆ ಎಂಬ ನಂಬಿಕೆ. ಆದರೆ ರೇಟು ಚೆನ್ನಾಗಿದೆ ಎಂದು ರೈತರೆಲ್ಲ ತೊಗರಿಯನ್ನೇ ಬಿತ್ತಿದರು, ಮಳೆಯೂ ಆಯಿತು. ಹೊರದೇಶದ ಮಾಲೂ ಬಂತು. 2017ರ ಹೊತ್ತಿಗೆ ಸರ್ಕಾರದ ಬೆಂಬಲ ಬೆಲೆ ಬೋನಸ್ ಸೇರಿ 5,050 ಇದ್ದರೂ ಗಂಜಿನಲ್ಲಿ ಅಷ್ಟು ಸಿಗಲಿಲ್ಲ. ನಾನು 4,400ಕ್ಕೆ ಮಾರಿದೆ. 27 ಲಕ್ಷದ ಮೇಲೆ ಹೋಯಿತು, ಬಡ್ಡಿ ಬೇರೆ.

ಆ ದುಡ್ಡನ್ನು ಒಂದು ಪ್ಲಾಟು ಮಾರಿ ತೀರಿಸಿದೆ. ತೀರದೇ ಉಳಿದದ್ದು ಬೇರೆ. ನಾನೂ ಮನೆ ಅಡವಿಟ್ಟಿದ್ದೆ, ನಿಮ್ಮ ಹಾಗೆಯೇ ಹೇಳದೆ. ಬ್ಯಾಂಕಿನ ನೋಟೀಸು ಬಂದ ದಿನ ಅದನ್ನು ಟಪಾಲಿನವನ ಕೈಯಿಂದ ಇಸಿದುಕೊಂಡವಳು ನನ್ನ ಹೆಂಡತಿ. ಜಗಳ ಮಾಡಲಿಲ್ಲ. "ನನಗ ಕೇಳಿದ್ರ ನಾನು ಬ್ಯಾಡ ಅಂತಿದ್ದೆನೇನ್ರಿ?" ಎಂದಳು, ಅಷ್ಟೇ. ಅದಕ್ಕೂ ಮೊದಲು ದಿನಾ ಸಂಜೆ ರೊಟ್ಟಿ ಬಡಿಯುತ್ತಾ "ಇವತ್ತು ತೊಗರಿ ಏನಾತ್ರಿ?" ಎಂದು ಕೇಳುತ್ತಿದ್ದಳು. ಹದಿನೆಂಟು ವರ್ಷ ಕೇಳಿದ್ದಳು. ಅವತ್ತಿನಿಂದ ಕೇಳುವುದನ್ನು ಬಿಟ್ಟಳು. ನಾನು ಅಂಗಡಿ ಮಗನಿಗೆ ಬಿಟ್ಟುಕೊಟ್ಟೆ. ಮಗನನ್ನು ಕೇಳುತ್ತಾಳೆ, ನನ್ನನ್ನು ಇವತ್ತಿಗೂ ಕೇಳಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಮಕ್ಕಳಿಗಾಗಿ ಎಂಬ ನಿಮ್ಮ ಮಾತು ಸುಳ್ಳಲ್ಲ. ನಾನೂ ಅದನ್ನು ಮನಸಾರೆ ಹೇಳುತ್ತಿದ್ದೆ. ಆದರೆ ಮಕ್ಕಳು ಮಲಗುವ ಮನೆಯನ್ನೇ ಪಣಕ್ಕಿಟ್ಟು, ಅವರ ತಾಯಿಗೆ ಹೇಳದೆ ಮಾಡುವ ವ್ಯಾಪಾರ ಯಾರಿಗಾಗಿ?

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಮಾಲು 56 ಲಕ್ಷದ್ದು. ಪೂರ್ತಿ ಸಾಲದ ದುಡ್ಡಾದರೆ ತಿಂಗಳಿಗೆ 56,000 ಬಡ್ಡಿ, ಅಂದರೆ ಕ್ವಿಂಟಲಿಗೆ 70 ರೂಪಾಯಿ. ಆರು ತಿಂಗಳು ಇಟ್ಟರೆ 7,420ಕ್ಕೆ ಮಾರಿದರೂ ಕೈಗೆ ಬರುವುದು ಹಾಕಿದ ದುಡ್ಡಷ್ಟೇ. ಗೋದಾಮಿನ ಖರ್ಚು, ಒಣಗಿ ತೂಕ ಇಳಿಯುವುದು, ಹಮಾಲಿ, ಇವು ಇದರಲ್ಲಿಲ್ಲ. ರೇಟು ಜಾಸ್ತಿ ಏರಿದರೆ ಸರ್ಕಾರ ಸುಮ್ನೆ ಕೂರುವುದಿಲ್ಲ. 2015ರಲ್ಲೂ 2023ರಲ್ಲೂ ದಾಸ್ತಾನು ಮಿತಿ, ಅಂದರೆ ಇಷ್ಟಕ್ಕಿಂತ ಹೆಚ್ಚು ಮಾಲು ಹಿಡಿದಿಡಬಾರದೆಂಬ ಕಟ್ಟು, ಹೇರಿದ್ದನ್ನು ನೋಡಿದ್ದೀರಿ. ಬರ್ಮಾ, ಮೊಜಾಂಬಿಕ್ ಮಾಲು ಬಂದರಿಗೆ ಬಂದರೆ ನಮ್ಮ ಗಂಜು ನಡುಗುತ್ತದೆ. ಇದ್ಯಾವುದೂ ನಿಮ್ಮ ಕೈಯಲ್ಲಿಲ್ಲ. ಮತ್ತೆ, ರಾತ್ರಿ ಎರಡಕ್ಕೆ ಯಾವ ಗಂಜಿನಲ್ಲೂ ವ್ಯಾಪಾರ ನಡೆಯುವುದಿಲ್ಲ, ತಮ್ಮಾ. ಆ ಹೊತ್ತಿಗೆ ನೀವು ನೋಡುತ್ತಿರುವುದು ಸಂಜೆ ನೋಡಿದ್ದ ರೇಟನ್ನೇ.

ನನ್ನ ಸಲಹೆ, ಅರ್ಧ ಮಾಲು ಈಗಲೇ ಬೇಳೆ ಮಾಡಿ ಮಾರಿ. ಬಂದ ದುಡ್ಡನ್ನು ಮಿಲ್ಲಿಗೆ ತಿರುಗಿಸದೆ ನೇರ ಸಾಲಕ್ಕೆ ಕಟ್ಟಿ. ಉಳಿದರ್ಧಕ್ಕೆ ಇಂಥ ರೇಟು ಬಂದರೆ ಮಾರುತ್ತೇನೆ, ಇಷ್ಟಕ್ಕೆ ಇಳಿದರೂ ಮಾರುತ್ತೇನೆ ಎಂದು ಎರಡು ಅಂಕಿ ಬರೆದಿಡಿ. ಮುಂದಿನ ಸುಗ್ಗಿಯಿಂದ ಮನೆ ಪತ್ರ ಮನೆಯಲ್ಲೇ ಇರಲಿ. ಮಿಲ್ಲು ನಿಧಾನ ಬೆಳೆದರೂ ಪರವಾಗಿಲ್ಲ.

ಆದರೆ ಮಾರುವ ಮೊದಲೇ ಮನೆಯಲ್ಲಿ ಹೇಳಿ. ಲಾಭ ಬಂದ ಮೇಲೆ ಹೇಳೋಣ ಎಂದು ಕಾಯಬೇಡಿ, ನಾನು ಹಾಗೆಯೇ ಕಾದೆ. ಖಾತೆ ಪುಸ್ತಕ ಬಿಚ್ಚಿ ಅವರ ಮುಂದಿಡಿ. ಬೈದರೆ ಬೈಸಿಕೊಳ್ಳಿ, ಬೈಯುವಷ್ಟು ಸಲುಗೆ ಇನ್ನೂ ಉಳಿದಿದೆ ಅಂದುಕೊಳ್ಳಿ.

ಮತ್ತೆ, ನಾಳೆ ಬೆಳಿಗ್ಗೆ ಮಿಲ್ಲಿಗೆ ಹೋಗುವ ಮೊದಲು ಡಾಕ್ಟರ್ ಹತ್ತಿರ ಹೋಗಿ ಬಿಪಿ ತೋರಿಸಿ. ಮಾತ್ರೆ ಎಷ್ಟು ದಿನ ತಪ್ಪಿದೆ ಎಂದು ಅವರಿಗಾದರೂ ಮುಚ್ಚಿಡದೆ ಹೇಳಿ.