ಕೆಟ್ಟ ದಿನಕ್ಕೂ ಒಂದು ದಿನಚರಿ ಇರಲಿ

ಪ್ರಶ್ನೆ: ನನಗೆ 38 ವರ್ಷ. ಉಡುಪಿ ಹತ್ತಿರದ ಹಳ್ಳಿ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಎರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಒಂದು ಗಂಟೆ ಬೆರಳು ಮಡಚಲು ಬರುವುದಿಲ್ಲ. ಯೋಗ, ಅರಿಶಿನ ಹಾಲು, ಕಷಾಯ, ಬದನೆ ಬಿಡುವುದು ಎಲ್ಲ ಮಾಡಿದೆ. ಯಾವುದೂ ಹತ್ತು ದಿನ ದಾಟಲಿಲ್ಲ. ಕಷಾಯ ಕುಡಿಯುವಾಗ, ಈ ಕಾಯಿಲೆಗೆ ಡಾಕ್ಟರು ಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೂ ಎರಡು ವಾರ ಬಿಟ್ಟೆ. 'ಮಧ್ಯಾಹ್ನ ಸರಿ ಇರ್ತಿ, ಬೆಳಿಗ್ಗೆ ಕೆಲಸಕ್ಕೆ ಮಾತ್ರ ನೋವಾ?' ಅಂತ ಅತ್ತೆ ಕೇಳುತ್ತಾರೆ. ನನಗೆ ಶಿಸ್ತೇ ಇಲ್ಲವೇ?

ಉತ್ತರ: ಅತ್ತೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಬೆಳಿಗ್ಗೆ ಬಿಗಿತ, ಹೊತ್ತೇರಿದ ಮೇಲೆ ಸಡಿಲ. ಇದು ಸೋಮಾರಿತನ ಅಲ್ಲ, ಈ ಕಾಯಿಲೆಯ ಗುರುತೇ ಅದು. ದೇಹವನ್ನು ಕಾಯಬೇಕಾದ ಶಕ್ತಿಯೇ ತಪ್ಪಿ ಗಂಟುಗಳ ಒಳಪೊರೆಯ ಮೇಲೆ ಬೀಳುತ್ತದೆ, ಅಲ್ಲಿ ಊತ ಬರುತ್ತದೆ. ವಯಸ್ಸಾಗಿ ಸವೆದ ಗಂಟಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ನಿಮ್ಮದು ಹಾಗಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಕೇಳಿದರೆ ಬೇರೆಯೇ.

ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಬೇಕು. ಅದನ್ನು ಪ್ರಯೋಗಕ್ಕೆ ಇಡಬೇಡಿ. ಅದು ಕೆಲಸ ಶುರು ಮಾಡಲಿಕ್ಕೇ ವಾರಗಟ್ಟಲೆ ಬೇಕು. ಊತ ಹಾಗೇ ಉಳಿದರೆ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಈ ಕಾಯಿಲೆಗೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವುದು. ತಪ್ಪಿಯೂ ದಿನಾ ನುಂಗಬಾರದು, ತಪ್ಪಿದ್ದನ್ನು ಸೇರಿಸಿ ಎರಡು ಪಟ್ಟು ತೆಗೆದುಕೊಳ್ಳಲೂ ಬಾರದು. ಎರಡು ವಾರ ಬಿಟ್ಟದ್ದನ್ನೂ, ಯಾವ ಕಷಾಯ ಕುಡಿದಿರಿ ಎಂಬುದನ್ನೂ ಡಾಕ್ಟರಿಗೆ ಹೇಳಿ. ಬೈದಾರೆಂದು ಮುಚ್ಚಿಡಬೇಡಿ. ಈ ಮಾತ್ರೆ ಲಿವರ್ ಮೇಲೆ ಭಾರ ಹಾಕಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಬರೆಯುವುದು. ಕೆಲವು ನಾಟಿ ಮದ್ದುಗಳೂ ಲಿವರಿಗೆ ತೊಂದರೆ ಮಾಡುತ್ತವೆ. ಜ್ವರ, ಬಾಯಿ ಹುಣ್ಣು, ಉಸಿರುಕಟ್ಟುವ ಕೆಮ್ಮು ಬಂದರೆ ಕಾಯದೆ ತೋರಿಸಿ.

ಇನ್ನು ನಿಮ್ಮ ಪ್ರಯೋಗಗಳು. ಮಾಡಿ, ಖಂಡಿತ ಮಾಡಿ. ಆದರೆ ಒಂದೊಂದಾಗಿ. ಯೋಗ, ಹಾಲು, ಬದನೆ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದು ಹೇಗೆ? ಒಂದಕ್ಕೆ ಒಂದು ತಿಂಗಳು ಕೊಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದೊಳಗೆ, ಬೆರಳು ಸಡಿಲವಾಗಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆಯಿರಿ. ಅಷ್ಟು ಸಾಕು. ಬದನೆ ಬಿಟ್ಟ ತಿಂಗಳಲ್ಲಿ ಆ ಸಂಖ್ಯೆ ಇಳಿಯದಿದ್ದರೆ ನಮ್ಮ ಉಡುಪಿಯ ಬದನೆ ಮಟ್ಟುಗುಳ್ಳದ ಹುಳಿ ಮಾಡಿ ಊಟ ಮಾಡಿ. ನಮ್ಮೂರಲ್ಲಿ ಹುಟ್ಟಿ ಅದನ್ನು ಸುಮ್ನೆ ಬಿಟ್ಟು ಕೂರುವುದು ನನಗೆ ಸಂಕಟ.

ಹತ್ತು ದಿನಕ್ಕೆ ಯಾಕೆ ನಿಂತುಹೋಗುತ್ತದೆ ಅಂತ ಯೋಚಿಸಿದ್ದೀರಾ? ದಿನಚರಿಯನ್ನು ನೀವು ಒಳ್ಳೆಯ ದಿನ ಕೂತು ಬರೆದಿರುತ್ತೀರಿ. ಕೆಟ್ಟ ದಿನ ಬಂದಾಗ ಅದು ಎತ್ತಲಾಗದ ಭಾರ. ಹಾಗಾಗಿ ಮೊದಲು ಕೆಟ್ಟ ದಿನದ ದಿನಚರಿ ಬರೆಯಿರಿ. ಹಾಸಿಗೆಯಲ್ಲೇ ಬೆರಳು ಮಡಚಿ ಬಿಡಿಸುವುದು. ಹಂಡೆಯ ಬಿಸಿನೀರನ್ನು ಹದ ಮಾಡಿ, ಹತ್ತು ನಿಮಿಷ ಕೈ ಅದ್ದಿಡುವುದು. ಗಂಜಿ ಉಂಡು, ಆ ದಿನಕ್ಕೆ ಡಾಕ್ಟರು ಬರೆದ ಮಾತ್ರೆ ಇದ್ದರೆ ಅದು; ಮೆಥೊಟ್ರೆಕ್ಸೇಟ್ ಮಾತ್ರ ಅದರ ವಾರದ ದಿನಕ್ಕಷ್ಟೇ. ಇಷ್ಟು ಮಾಡಿದರೆ ಆ ದಿನ ಪೂರ್ತಿಯಾಯಿತು. ಯೋಗ ತಪ್ಪಿತು ಅಂತ ಬರೆಯಬೇಡಿ.

ಒಳ್ಳೆಯ ದಿನದಲ್ಲೂ ಒಂದು ಅಪಾಯ ಉಂಟು. ಕೈ ಹಗುರವಾಗಿದೆ ಅಂತ ನಾಲ್ಕು ರವಿಕೆ ಹೊಲಿದು ಮುಗಿಸಿದರೆ ಮರುದಿನ ಏಳಲಿಕ್ಕಾಗದು. ಅರ್ಧ ಗಂಟೆ ಹೊಲಿಗೆ, ಆಮೇಲೆ ಎದ್ದು ಓಡಾಟ. ಕಾಯಿ ತುರಿಯುವುದು, ಬಾವಿಯಿಂದ ನೀರು ಸೇದುವುದು ಎರಡೂ ಬೆರಳಿನ ಗಂಟುಗಳಿಗೆ ಕಷ್ಟ. ಅವನ್ನು ಮನೆಯವರು ಹಂಚಿಕೊಳ್ಳಲಿ. ಕೇಳಲು ನಾಚಿಕೆ ಬೇಡ.

ಕ್ಯಾಲೆಂಡರಿನ ಮೊದಲ ಹಾಳೆ ತುಂಬಿದ ಮೇಲೆ ಅದನ್ನು ಡಾಕ್ಟರಿಗೆ ತೋರಿಸಿ, ನನಗೂ ಒಂದು ಸಾಲು ಬರೆಯಿರಿ.